ಪೆಂಟ್ಯಾಕ್ಸ್ ಕೆ1000: ಒಂದು ಮುಳ್ಳು, ಮೂವತ್ತಾರು ಫ್ರೇಮು

ಫಿಲಂ ಕ್ಯಾಮೆರಾ ಹಿಡಿದರೆ ತಾಳ್ಮೆ ಬರುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ದುಬಾರಿ ಫಿಲಂ ಹಾಕಿ, ಕ್ಲಿಕ್ಕಿಸಿ, ಲ್ಯಾಬಿಗೆ ಕೊಟ್ಟು, ಬಂದದ್ದನ್ನು ನೋಡಿ ಸುಮ್ಮನಾದರೆ ಯಾವ ಗುಣವೂ ಬರುವುದಿಲ್ಲ. ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಹಿಂದಿರುಗಿ ಹುಡುಕಲು ಸಾಧ್ಯವಾದಾಗ ಮಾತ್ರ ಕಲಿಕೆ. ಪೆಂಟ್ಯಾಕ್ಸ್ ಕೆ1000 ಇವತ್ತಿಗೂ ಕೊಳ್ಳಲು ಯೋಗ್ಯ ಎನ್ನುವುದು ಇದೇ ಕಾರಣಕ್ಕೆ. ಇದರಲ್ಲಿ ತಪ್ಪು ಅಡಗಿಕೊಳ್ಳಲು ಜಾಗ ಬಹಳ ಕಡಿಮೆ. ಶಟರ್ ವೇಗ (ಬೆಳಕು ಎಷ್ಟು ಹೊತ್ತು ಬೀಳಬೇಕು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು), ಫೋಕಸ್, ಈ ಮೂರೂ ಕೈಯಲ್ಲೇ. ಚಿತ್ರ ಕೆಟ್ಟಿತೆಂದರೆ ಈ ಮೂರರಲ್ಲಿ ಒಂದು ಕೆಟ್ಟಿದೆ, ಇಲ್ಲವೇ ನಾವು ನಿಂತ ಜಾಗವೇ ಸರಿಯಿರಲಿಲ್ಲ.

ಜಪಾನಿನ ಅಸಾಹಿ ಆಪ್ಟಿಕಲ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಹಿಂದಿನ ವರ್ಷ ಬಂದಿದ್ದ ಕೆಎಂ ಮಾದರಿಯಿಂದ ಸೆಲ್ಫ್ ಟೈಮರನ್ನೂ ಡೆಪ್ತ್ ಆಫ್ ಫೀಲ್ಡ್ (ಫೋಕಸ್ಸಿನ ಹಿಂದೆ ಮುಂದೆ ಎಷ್ಟು ಆಳ ಸ್ಪಷ್ಟ ಎಂಬುದು) ನೋಡುವ ಲಿವರನ್ನೂ ತೆಗೆದು, ಬೆಲೆ ಇಳಿಸಿ ಮಾಡಿದ ಕ್ಯಾಮೆರಾ ಇದು. 1997ರವರೆಗೆ ತಯಾರಾಯಿತು, 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಫೋಟೋಗ್ರಫಿ ಕಲಿಯಲು ಸೇರಿದವರ ಕೈಗೆ ದಶಕಗಳ ಕಾಲ ಕೊಡುತ್ತಿದ್ದದ್ದು ಇದನ್ನೇ. ಬಾಡಿ ಪೂರ್ತಿ ಮೆಕ್ಯಾನಿಕಲ್. 1 ಸೆಕೆಂಡಿನಿಂದ 1/1000ರವರೆಗಿನ ಎಲ್ಲ ವೇಗವೂ ಸ್ಪ್ರಿಂಗು, ಗೇರುಗಳಿಂದಲೇ ನಡೆಯುತ್ತದೆ. ಒಂದು ಎಲ್‌ಆರ್44 ಬಟನ್ ಸೆಲ್ ಬೇಕು, ಅದೂ ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ ಮುಗಿದರೂ ಕ್ಯಾಮೆರಾ ನಿಲ್ಲುವುದಿಲ್ಲ. ಅಂದಹಾಗೆ, ಮೀಟರಿಗೆ ಆನ್ ಆಫ್ ಸ್ವಿಚ್ಚಿಲ್ಲ. ಲೆನ್ಸಿಗೆ ಕ್ಯಾಪ್ ಹಾಕಿದರೆ ಅದೇ ಆಫ್. ಕ್ಯಾಪಿಲ್ಲದೆ ಬೀರುವಿನ ಮೇಲೆ ಬೆಳಕಲ್ಲಿ ಇಟ್ಟರೆ ಸೆಲ್ ಬೇಗ ಖಾಲಿಯಾಗುತ್ತದೆ.

ವ್ಯೂಫೈಂಡರ್ ಒಳಗೆ ಕಣ್ಣಿಟ್ಟರೆ ನಡುವೆ ಫೋಕಸ್ಸಿಗೆ ಮಿಣುಗುವ ಒಂದು ಪುಟ್ಟ ವೃತ್ತ, ಬಲಬದಿಯಲ್ಲಿ ಒಂದು ಮುಳ್ಳು. ಅಷ್ಟೇ. ಶಟರ್ ವೇಗ ಎಷ್ಟಿದೆ, ಅಪರ್ಚರ್ ಎಷ್ಟಿದೆ ಒಳಗೆ ಕಾಣುವುದಿಲ್ಲ. ಮುಳ್ಳು ಮೇಲೆ ಹೋದರೆ ಬೆಳಕು ಹೆಚ್ಚು, ಕೆಳಗೆ ಇಳಿದರೆ ಕಡಿಮೆ, ನಡುವಿನ ಸಂದಿಗೆ ಬಂದರೆ ಮೀಟರಿನ ಲೆಕ್ಕದಲ್ಲಿ ಸರಿ. ಅಪರ್ಚರ್ ಎಫ್/8ರಿಂದ ಎಫ್/5.6ಕ್ಕೆ ತಿರುಗಿಸಿದರೆ (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮುಳ್ಳು ಏರುತ್ತದೆ. ಶಟರ್ 1/125ರಿಂದ 1/250ಕ್ಕೆ ಒಯ್ದರೆ ಅಷ್ಟೇ ಇಳಿದು ಮೊದಲಿನ ಜಾಗಕ್ಕೆ ಬರುತ್ತದೆ. ಒಂದು ಕೊಟ್ಟರೆ ಇನ್ನೊಂದು ಬಿಡಬೇಕು ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ತಲೆಗೆ ಹತ್ತದವರಿಗೆ ಈ ಮುಳ್ಳಿನ ಏರಿಳಿತ ಒಂದೇ ಮಧ್ಯಾಹ್ನದಲ್ಲಿ ಹತ್ತಿಸುತ್ತದೆ. ಓಟ ನಿಲ್ಲಿಸಬೇಕೆಂದರೆ ಹಿನ್ನೆಲೆಯ ಸ್ಪಷ್ಟತೆ ಬಿಡಬೇಕು. ಎರಡೂ ಬೇಕೆಂದರೆ ಬೆಳಕು ಹೆಚ್ಚಾಗುವವರೆಗೆ ಕಾಯಬೇಕು, ಇಲ್ಲವೇ ಹೆಚ್ಚು ಐಎಸ್‌ಒ (ಬೆಳಕಿಗೆ ಹೆಚ್ಚು ಚುರುಕಾದ) ಫಿಲಂ ಹಾಕಿ ಗ್ರೇನ್, ಅಂದರೆ ಚಿತ್ರದ ಕಾಳುಕಾಳುತನ, ಒಪ್ಪಿಕೊಳ್ಳಬೇಕು.

ಮುಳ್ಳು ನಡುವೆ ನಿಂತರೆ ಚಿತ್ರ ಸರಿ ಬಂದೇ ಬರುತ್ತದೆ ಎಂದು ನಂಬುವುದು ಹೊಸಬರ ದೊಡ್ಡ ತಪ್ಪು. ಈ ಮೀಟರ್ ಇಡೀ ದೃಶ್ಯದ ಸರಾಸರಿ ತೆಗೆಯುತ್ತದೆ, ಆ ಸರಾಸರಿಯನ್ನು ಮಧ್ಯಮ ಬೂದು ಬಣ್ಣ ಎಂದುಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟವರನ್ನು ನಿಲ್ಲಿಸಿ ನೋಡಿ. ಎಫ್/11, 1/250 ಸಾಕು ಎನ್ನುತ್ತದೆ ಮುಳ್ಳು. ಹಾಗೇ ತೆಗೆದರೆ ಗೋಡೆ ಮಾಸಲು, ಮುಖ ಕಪ್ಪು. ಅಪರ್ಚರನ್ನು ಎಫ್/8, ಎಫ್/5.6ರ ನಡುವೆ ತೆರೆದರೆ, ಅಂದರೆ ಒಂದೂವರೆ ಸ್ಟಾಪ್ ಹೆಚ್ಚು ಕೊಟ್ಟರೆ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ದುಪ್ಪಟ್ಟು, ಕಡಿಮೆಯೆಂದರೆ ಅರ್ಧ), ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಯಾಣದ ಕಪ್ಪು ಬಂಡೆ ಫ್ರೇಮು ತುಂಬಿದಾಗ ಇದರ ತದ್ವಿರುದ್ಧ. ಅಲ್ಲಿ ಮುಳ್ಳಿನ ಮಾತು ಕೇಳಿದರೆ ಬಂಡೆ ಬೂದು ಬಣ್ಣಕ್ಕೆ ತಿರುಗುತ್ತದೆ, ಒಂದು ಸ್ಟಾಪ್ ಕಡಿಮೆ ಮಾಡಬೇಕು. ಅಡಿಕೆ ತೋಟದ ಒಳಗಂತೂ ಸೋಗೆಯ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಅಲ್ಲಿ ಸರಾಸರಿಗೆ ಅರ್ಥವೇ ಇಲ್ಲ. ತೆಗೆಯಬೇಕಾದ ಮುಖದ ಮೇಲೆ ಬೀಳುವ ಬೆಳಕಿನಲ್ಲೇ ನಿಮ್ಮ ಅಂಗೈ ಚಾಚಿ, ಅದು ಫ್ರೇಮು ತುಂಬುವಷ್ಟು ಹತ್ತಿರಕ್ಕೆ ಕ್ಯಾಮೆರಾ ತಂದು ಅಳೆಯಿರಿ. ಫೋಕಸ್ ಆಗದಿದ್ದರೂ ಚಿಂತೆಯಿಲ್ಲ. ಅಂಗೈ ಮಧ್ಯಮ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ, ಆದ್ದರಿಂದ ಮುಳ್ಳು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಿ. ಇದನ್ನು ಕೆಲವು ವಾರ ಮಾಡಿದವರು ಊಟದ ಮೇಜಿನ ಮುಂದೆ ಕೂತರೂ ಎದುರಿನವರ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಗಮನಿಸತೊಡಗುತ್ತಾರೆ. ಈ ಕ್ಯಾಮೆರಾದಿಂದ ಸಿಗುವ ದೊಡ್ಡ ಲಾಭ ಇದು. ಉಪಕರಣ ಹೇಳಿದ್ದನ್ನು ಕೇಳಿಸಿಕೊಂಡು, ಅದು ಯಾಕೆ ಹಾಗೆ ಹೇಳಿತು ಎಂದು ಯೋಚಿಸಿ, ಆಮೇಲೆ ನಾವೇ ತೀರ್ಮಾನಿಸುವ ಅಭ್ಯಾಸ ಬೀಳುತ್ತದೆ.

ಮಂದ ಬೆಳಕಿನಲ್ಲಿ ಈ ಮೀಟರ್ ನಿಧಾನ. ಒಳಗೆ ಬೆಳಕು ಅಳೆಯಲು ಇರುವುದು ಹಳೆಯ ಸಿಡಿಎಸ್ ಸೆಲ್ (ಬ್ಯಾಟರಿಯ ಸೆಲ್ ಅಲ್ಲ), ಬಿಸಿಲಿನಿಂದ ನೇರವಾಗಿ ದೇವಸ್ಥಾನದ ನವರಂಗಕ್ಕೆ ಬಂದರೆ ಮುಳ್ಳು ಸ್ಥಿಮಿತಕ್ಕೆ ಬರಲು ಸಮಯ ಬೇಕು. ಅವಸರದಲ್ಲಿ ಮೊದಲ ಅಳತೆಯನ್ನೇ ನಂಬಬೇಡಿ. ಬ್ಯಾಟರಿಯೇ ಇಲ್ಲದಾಗ ಹಳೆಯ ಲೆಕ್ಕವಿದೆ: ನಿಚ್ಚಳ ಬಿಸಿಲಿನಲ್ಲಿ ಎಫ್/16, ಶಟರ್ ವೇಗ ಫಿಲಮಿನ ಐಎಸ್‌ಒಗೆ ಹತ್ತಿರದ್ದು. ಐಎಸ್‌ಒ 400 ಆದರೆ 1/500. ತೆರೆದ ನೆರಳಿಗೆ ಮೂರು ಸ್ಟಾಪ್ ಹೆಚ್ಚು, ಅಂದರೆ ಎಫ್/8, 1/250.

ಸಾಮಾನ್ಯವಾಗಿ ಇದರ ಜೊತೆ ಸಿಗುವುದು ಎಸ್‌ಎಂಸಿ ಪೆಂಟ್ಯಾಕ್ಸ್-ಎಂ 50 ಎಂಎಂ ಎಫ್/2 ಲೆನ್ಸ್. ಹೆಸರು ಮಾಡಿದ ಲೆನ್ಸಲ್ಲ, ಆದರೆ ಎಫ್/4ರಿಂದ ಮುಂದೆ ಯಾವ ದೂರೂ ಇಲ್ಲದ್ದು. ಫಿಲ್ಟರ್ ಅಳತೆ 49 ಎಂಎಂ, 45 ಸೆಂಟಿಮೀಟರಿನವರೆಗೆ ಹತ್ತಿರ ಫೋಕಸ್ ಆಗುತ್ತದೆ. ಝೂಮ್ ಇಲ್ಲ, ಕಾಲೇ ಝೂಮ್. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿನಂಥ ಕಡೆ ಪ್ರತಿ ಸಲ ಫೋಕಸ್ ಮಾಡುತ್ತ ನಿಂತರೆ ಎದುರಿನವರ ಮುಖಭಾವ ಬದಲಾಗಿರುತ್ತದೆ. ಅಲ್ಲಿ ಎಫ್/8ಕ್ಕೆ ಇಟ್ಟು ಫೋಕಸ್ ಉಂಗುರವನ್ನು 5 ಮೀಟರಿಗೆ ಕೂರಿಸಿ. ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲ ಸ್ಪಷ್ಟ. ಆಮೇಲೆ ಕ್ಯಾಮೆರಾ ಮರೆತು ಜನರನ್ನು ನೋಡಬಹುದು. ಇವೆಲ್ಲ ಮೊದಲೇ ಕೂತು ಮಾಡಿಕೊಳ್ಳುವ ಸಿದ್ಧತೆ. ಸಂತೆಯ ನಡುವೆ ನಿಂತು ಲೆಕ್ಕ ಹಾಕಲು ಹೊರಟರೆ ಆಗುವುದಿಲ್ಲ.

ಡೆಪ್ತ್ ಆಫ್ ಫೀಲ್ಡ್ ನೋಡುವ ಲಿವರ್ ಇಲ್ಲ ಎಂದೆನಲ್ಲ, ಅದಕ್ಕೊಂದು ಉಪಾಯವಿದೆ. ಲೆನ್ಸ್ ಬಿಡಿಸುವ ಗುಂಡಿ ಒತ್ತಿ ಲೆನ್ಸನ್ನು ಸ್ವಲ್ಪವೇ ತಿರುಗಿಸಿದರೆ ಅಪರ್ಚರ್ ನೀವು ಇಟ್ಟಷ್ಟಕ್ಕೆ ಕಿರಿದಾಗಿ ಫೈಂಡರಿನಲ್ಲಿ ಎಷ್ಟು ಆಳ ಸ್ಪಷ್ಟವಿದೆ ಎಂದು ಕಾಣುತ್ತದೆ. ನೋಡಿದ ಮೇಲೆ ಟಕ್ ಎಂದು ಕೂರುವವರೆಗೆ ವಾಪಸ್ ತಿರುಗಿಸುವುದು ಕಡ್ಡಾಯ. ಬೇರೆ ಲೆನ್ಸ್ ಕೊಳ್ಳುವವರು ಅಪರ್ಚರ್ ಉಂಗುರ ಇರುವ ಕೆ-ಮೌಂಟ್ (ಈ ಕ್ಯಾಮೆರಾಗೆ ಕೂರುವ ಜೋಡಣೆಯ) ಲೆನ್ಸನ್ನೇ ನೋಡಿ. ಉಂಗುರವಿಲ್ಲದ ಹೊಸ ಡಿಜಿಟಲ್ ಲೆನ್ಸುಗಳು ಕೂರುತ್ತವೆ, ಆದರೆ ಕೆಲಸಕ್ಕೆ ಬಾರವು.

ಫಿಲಂ ಹಾಕುವಾಗ ಆಗುವ ತಪ್ಪಿಗೆ ಪರಿಹಾರವಿಲ್ಲ, ಆದ್ದರಿಂದ ಇಲ್ಲಿ ನಿಧಾನವಾಗಿ. ಎಡಗಡೆಯ ರಿವೈಂಡ್ ಗುಬ್ಬಿ ಮೇಲೆಳೆದರೆ ಹಿಂಬಾಗಿಲು ತೆರೆಯುತ್ತದೆ. ಡಬ್ಬಿ ಕೂರಿಸಿ, ಫಿಲಮಿನ ತುದಿಯನ್ನು ಬಲಗಡೆ ಸುರುಳಿಯ ಸೀಳಿಗೆ ಸಿಕ್ಕಿಸಿ, ಫಿಲಂ ಮುಂದೂಡುವ ಲಿವರ್ ಒಮ್ಮೆ ಎಳೆದು ಮೇಲಿನ ಕೆಳಗಿನ ಎರಡೂ ಸಾಲಿನ ತೂತುಗಳು ಹಲ್ಲಿಗೆ ಕೂತಿವೆಯೇ ನೋಡಿ. ಬಾಗಿಲು ಮುಚ್ಚಿ. ರಿವೈಂಡ್ ಕೈಯನ್ನು ಬಾಣದ ದಿಕ್ಕಿಗೆ ಹಗುರವಾಗಿ ತಿರುಗಿಸಿ ಸಡಿಲ ತೆಗೆಯಿರಿ. ಮುಂದೆ ಪ್ರತಿ ಸಲ ಲಿವರ್ ಎಳೆದಾಗಲೂ ಆ ಗುಬ್ಬಿ ಹಿಮ್ಮುಖ ತಿರುಗಬೇಕು. ತಿರುಗದಿದ್ದರೆ ಫಿಲಂ ಹಿಡಿದಿಲ್ಲ. ಎಷ್ಟು ಫ್ರೇಮು ಆಯಿತೆಂದು ತೋರಿಸುವ ಲೆಕ್ಕದ ಅಂಕಿಯನ್ನು ನಂಬಲಾಗದು, ಫಿಲಂ ಇರಲಿ ಬಿಡಲಿ ಅದು ಏರುತ್ತಲೇ ಇರುತ್ತದೆ. ಅಂಕಿ 36 ದಾಟಿ 40 ಮುಟ್ಟಿತೆಂದರೆ ಒಳಗೆ ಒಂದು ಫ್ರೇಮೂ ಬಿದ್ದಿಲ್ಲವೆಂದೇ ಅನುಮಾನಿಸಿ. ಇನ್ನೊಂದು, ಡಬ್ಬಿಯ ಮೇಲಿನ ಐಎಸ್‌ಒವನ್ನು ಈ ಕ್ಯಾಮೆರಾ ತಾನೇ ಓದುವುದಿಲ್ಲ. ಶಟರ್ ಡಯಲ್ ಸುತ್ತಲ ಉಂಗುರ ಎತ್ತಿ ನೀವೇ ಇಡಬೇಕು. ಹಿಂದಿನ ರೋಲಿನ 400 ಹಾಗೇ ಇದ್ದು, ಹಾಕಿದ್ದು 100ರ ಫಿಲಂ ಆದರೆ ಇಡೀ ರೋಲು ಎರಡು ಸ್ಟಾಪ್ ಕಡಿಮೆ. ರೋಲು ಮುಗಿದಾಗ ಲಿವರ್ ಬಿಗಿಯಾಗುತ್ತದೆ. ಇನ್ನೊಂದು ಬರಬಹುದೆಂದು ಬಲ ಹಾಕಿದರೆ ತೂತುಗಳು ಹರಿಯುತ್ತವೆ. ಕ್ಯಾಮೆರಾದ ತಳದ ಸಣ್ಣ ಗುಂಡಿ ಒತ್ತಿದ ಮೇಲೇ ಹಿಂದಕ್ಕೆ ಸುತ್ತಬೇಕು.

36 ಫ್ರೇಮಿನ ಮಿತಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಫಿಲಮಿನ ಬೆಲೆ, ತೊಳೆಸುವ ಖರ್ಚು, ಸ್ಕ್ಯಾನ್, ಕೊರಿಯರ್ ಎಲ್ಲ ಕೂಡಿ 36ರಿಂದ ಭಾಗಿಸಿದರೆ ಒಂದು ಕ್ಲಿಕ್ಕಿನ ಬೆಲೆ ಸಿಗುತ್ತದೆ; ಅದನ್ನು ಒಮ್ಮೆ ಲೆಕ್ಕ ಹಾಕಿ ಬರೆದಿಟ್ಟುಕೊಂಡವರ ಬೆರಳು ತಾನಾಗಿ ತಡೆಯುತ್ತದೆ. ಮಿತಿಗಿಂತ ಮುಖ್ಯವಾದದ್ದು ತೆಗೆಯುವುದಕ್ಕೂ ನೋಡುವುದಕ್ಕೂ ನಡುವಿನ ಅಂತರ. ವಾರಗಟ್ಟಲೆ ಕಳೆದ ಮೇಲೆ ನೆಗೆಟಿವ್ ಕೈಗೆ ಬಂದಾಗ 14ನೇ ಫ್ರೇಮಿಗೆ ಏನು ಇಟ್ಟಿದ್ದೆವು ಎಂದು ಯಾರಿಗೂ ನೆನಪಿರುವುದಿಲ್ಲ. ಡಿಜಿಟಲ್ ಕ್ಯಾಮೆರಾ ಅದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದೆ. ಇಲ್ಲಿ ಜೇಬಿನಲ್ಲೊಂದು ಚಿಕ್ಕ ನೋಟ್‌ಬುಕ್ ಇರಲೇಬೇಕು. ‘14, 1/125, ಎಫ್/5.6, ಜಗಲಿಯ ನೆರಳು, 2 ಮೀಟರ್, ಅಂಗೈ ಅಳತೆ’ ಇಷ್ಟು ಸಾಕು. ಬರೆಯದೆ ಫಿಲಂ ತೆಗೆಯುವುದು ಬರೀ ಖರ್ಚು ಎಂದೇ ಹೇಳಬೇಕು. ಟಿಪ್ಪಣಿ ಇದ್ದರೆ ನೆಗೆಟಿವ್ ಮಾತಾಡುತ್ತದೆ.

ಹೇಗೆಂದರೆ, ಕಪ್ಪುಬಿಳುಪಿನ ನೆಗೆಟಿವನ್ನು ಬೆಳಕಿಗೆ ಹಿಡಿಯಿರಿ. ಚಿತ್ರ ತೆಳುವಾಗಿದೆ, ಆದರೆ ಅಂಚಿನಲ್ಲಿ ಕಂಪನಿ ಮುದ್ರಿಸಿದ ಅಕ್ಷರ, ಅಂಕಿ ಗಾಢವಾಗಿವೆ ಎಂದರೆ ತೊಳೆದದ್ದು ಸರಿಯಿದೆ, ಬೆಳಕು ಕೊಟ್ಟದ್ದು ಕಡಿಮೆ. ಅಂಚಿನ ಅಕ್ಷರವೂ ಮಸುಕು ಎಂದರೆ ಡೆವಲಪ್ ಸಾಲದು, ತೆಗೆದವರ ತಪ್ಪಲ್ಲ. ಅಕ್ಷರ ಸ್ಪಷ್ಟವಿದ್ದು ಒಂದು ಚಿತ್ರವೂ ಇಲ್ಲದಿದ್ದರೆ ಫಿಲಂ ಓಡಿಯೇ ಇಲ್ಲ ಅಥವಾ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲದೆ ಗಾಜಿನಂತಿದ್ದರೆ ಚಿತ್ರ ಮೂಡಿಸುವ ಡೆವಲಪರಿಗೆ ಮೊದಲೇ ಅದನ್ನು ಸ್ಥಿರಗೊಳಿಸುವ ಫಿಕ್ಸರ್ ಹೋಗಿರುವ ಸಾಧ್ಯತೆ ಹೆಚ್ಚು. ಪೂರ್ತಿ ಕಪ್ಪಾದರೆ ಫಿಲಮಿಗೆ ಬೆಳಕು ತಾಗಿದೆ. 1/500, 1/1000ರಲ್ಲಿ ತೆಗೆದ ಫ್ರೇಮುಗಳಲ್ಲಿ ಮಾತ್ರ ಒಂದು ಬದಿ ತೆಳುವಾಗಿದ್ದರೆ ಶಟರ್ ಪರದೆಗಳ ಓಟ ಹೊಂದುತ್ತಿಲ್ಲ. ಇದು ಗೊತ್ತಾಗುವುದೇ ನೋಟ್‌ಬುಕ್ ಇದ್ದರೆ. ಕಲರ್ ಫಿಲಮಿನ ಪ್ರಿಂಟಿನಲ್ಲಿ ಅಂಚಿನಿಂದ ಕೆಂಪು ಕಿತ್ತಳೆ ನಾಲಗೆ ಚಾಚಿದ್ದರೆ ಹಿಂಬಾಗಿಲಿನ ಫೋಮ್ ಹೋಗಿದೆ. ಹೀಗೆ ಪ್ರತಿ ತಪ್ಪಿಗೂ ಒಂದು ವಿಳಾಸ ಸಿಗುತ್ತದೆ. ಬೆಳಕನ್ನೋ ಕ್ಯಾಮೆರಾವನ್ನೋ ಲ್ಯಾಬಿನವರನ್ನೋ ಸುಮ್ಮನೆ ದೂರುವ ಬದಲು, ಯಾವುದು ನನ್ನದು, ಯಾವುದು ನನ್ನದಲ್ಲ ಎಂದು ಬಿಡಿಸಿ ನೋಡುವುದು ಬೇರೆ ಎಷ್ಟೋ ಕೆಲಸಗಳಲ್ಲಿ ಬೇಕಾಗುವ ಗುಣ. ಅದು ಇಲ್ಲಿ ಕೈಗೆ ಸಿಗುವಂತೆ ಕಾಣುತ್ತದೆ.

ಕಪ್ಪುಬಿಳುಪು ಫಿಲಮನ್ನು ಮನೆಯಲ್ಲೇ ತೊಳೆದರೆ ಈ ಕಲಿಕೆ ಇನ್ನೂ ಬೇಗ, ಖರ್ಚೂ ಇಳಿಯುತ್ತದೆ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲಮಿಗೆ ಐಡಿ-11 ಡೆವಲಪರ್ ಒಂದಕ್ಕೆ ಒಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ 13 ನಿಮಿಷ. 35 ಎಂಎಂ ರೋಲ್ ಒಂದಕ್ಕೆ 300 ಎಂಎಲ್, ಅಂದರೆ 150 ಡೆವಲಪರ್, 150 ನೀರು. ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕ್ ಮಗುಚಿ, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲಿ ಅದೇ ರೀತಿ. ಪ್ರತಿ ಸಲ ಟ್ಯಾಂಕಿನ ತಳ ತಟ್ಟಿ ಗುಳ್ಳೆ ಬಿಡಿಸದಿದ್ದರೆ ಚಿತ್ರದಲ್ಲಿ ಗುಂಡನೆಯ ಕಲೆ ಉಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿ ಇರುವುದಿಲ್ಲ. ಬಾಟಲಿಗಳನ್ನು ಐಸ್ ಹಾಕಿದ ಟಬ್ಬಿನಲ್ಲಿಟ್ಟು ಇಳಿಸಿ, ಅಥವಾ 24 ಡಿಗ್ರಿಯಲ್ಲೇ 9 ನಿಮಿಷಕ್ಕೆ ನಿಲ್ಲಿಸಿ. ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಆದ ಮೇಲೆ ರ್‍ಯಾಪಿಡ್ ಫಿಕ್ಸರ್ ಒಂದಕ್ಕೆ ನಾಲ್ಕು ನೀರು, 3ರಿಂದ 5 ನಿಮಿಷ. ಕೊನೆಗೆ ಫಿಕ್ಸರ್ ಹೋಗುವಂತೆ ತೊಳೆಯಲು ನಲ್ಲಿ ಬಿಟ್ಟು ನೀರು ಸುರಿಸುವುದು ಬೇಡ. ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಕೊನೆಗೆ 20 ಸಲ. ಮೂರು ಟ್ಯಾಂಕ್ ನೀರಿನಲ್ಲಿ ಮುಗಿಯಿತು. ಎಲ್ಲ ನೀರೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರಲಿ. ಒಣಗಲು ಫ್ಯಾನಿನ ಕೆಳಗೆ ನೇತುಹಾಕಿದರೆ ಧೂಳೆಲ್ಲ ಅಂಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆ ಒಳ್ಳೆಯದು.

ವಿದೇಶದಿಂದ ಬರುವ ನೆಂಟರ ಕೈಲಿ ಫಿಲಂ ತರಿಸುವವರು ಚೆಕ್-ಇನ್ ಬ್ಯಾಗಿನಲ್ಲಿ ಹಾಕದಂತೆ ಹೇಳಿ, ಅಲ್ಲಿನ ಸ್ಕ್ಯಾನರ್ ಫಿಲಮನ್ನು ಹಾಳುಮಾಡುತ್ತದೆ. ಕೈಚೀಲದಲ್ಲಿಟ್ಟು, ಕೈಯಲ್ಲೇ ತಪಾಸಣೆ ಮಾಡಿ ಎಂದು ಕೇಳಬೇಕು.

ಈಗ ಕೊಳ್ಳುವ ಮಾತು. ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್, ವಯಸ್ಸು ಸುಮಾರು 30ರಿಂದ 50 ವರ್ಷ. ಮೊದಮೊದಲಿನವು ಜಪಾನಿನಲ್ಲಿ, ಆಮೇಲಿನವು ಹಾಂಗ್‌ಕಾಂಗ್, ಕೊನೆಯವು ಚೀನಾದಲ್ಲಿ ತಯಾರಾದವು; ಕೊನೆಕೊನೆಗೆ ಪ್ಲಾಸ್ಟಿಕ್ ಭಾಗ ಹೆಚ್ಚಾಯಿತು. ಎಲ್ಲಿಯದೆಂಬುದಕ್ಕಿಂತ ಹೇಗಿದೆ ಎಂಬುದು ಮುಖ್ಯ. ಅಂಗಡಿಯಲ್ಲೇ ಹಿಂಬಾಗಿಲು ತೆರೆದು, ಲೆನ್ಸ್ ತೆಗೆದು, ಕಿಟಕಿಯ ಕಡೆ ಹಿಡಿದು 1/1000ರಲ್ಲಿ ಹತ್ತಾರು ಸಲ ಒತ್ತಿ. ಪ್ರತಿ ಸಲವೂ ಇಡೀ ಆಯತ ಮಿಂಚಬೇಕು. ಒಂದು ಬದಿ ಕಪ್ಪಾಗಿ ಉಳಿದರೆ ಬಿಟ್ಟುಬಿಡಿ. 1 ಸೆಕೆಂಡಿಗೆ ಇಟ್ಟು ಒತ್ತಿದಾಗ ಗೇರಿನ ಸದ್ದು ಎಳೆದಾಡದೆ ಸರಾಗ ಮುಗಿಯಬೇಕು. ತಡವರಿಸಿದರೆ ಒಳಗಿನ ಎಣ್ಣೆ ಒಣಗಿದೆ, ಸರ್ವಿಸ್ ಖರ್ಚು ಸೇರಿಸಿ ಬೆಲೆ ಮಾತಾಡಿ. ಪರದೆ ಬಟ್ಟೆಯದು, ಕತ್ತಲಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಸೂಜಿಮೊನೆಯಷ್ಟು ತೂತಿದೆಯೇ ನೋಡಿ. ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಸ್ವಲ್ಪವಿದ್ದರೆ ವಿನೆಗರ್ ಅದ್ದಿದ ಹತ್ತಿಯಲ್ಲಿ ಹೋಗುತ್ತದೆ, ತಂತಿಯೇ ತಿಂದುಹೋಗಿದ್ದರೆ ಮೀಟರ್ ಸತ್ತಂತೆ. ಹೊಸ ಸೆಲ್ ನೀವೇ ಒಯ್ದು ಹಾಕಿ, ಫೋನಿನ ಲೈಟ್ ಮೀಟರ್ ಆ್ಯಪಿನ ಜೊತೆ ಬಿಸಿಲಲ್ಲೂ ನೆರಳಲ್ಲೂ ಹೋಲಿಸಿ. ಎರಡೂ ಕಡೆ ಒಂದೇ ಪ್ರಮಾಣದ ವ್ಯತ್ಯಾಸವಿದ್ದರೆ ಐಎಸ್‌ಒ ಬದಲಿಸಿ ಸರಿದೂಗಿಸಬಹುದು. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಅಂದರೆ ಆಗದು.

ಹಿಂಬಾಗಿಲಿನ ಕಪ್ಪು ಫೋಮ್ ಮುಟ್ಟಿದರೆ ಡಾಂಬರಿನಂತೆ ಅಂಟುವುದು ಈ ವಯಸ್ಸಿನ ಎಲ್ಲ ಕ್ಯಾಮೆರಾಗಳ ಪಾಡು, ಅದಕ್ಕೆ ಹೆದರಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಮರದ ಕಡ್ಡಿಯಲ್ಲಿ ಕೆರೆದು ತೆಗೆದು, ತೆಳು ಫೋಮ್ ಪಟ್ಟಿ ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ಚೂರು ಶಟರಿನ ಮೇಲೆ ಬೀಳದಂತೆ ನೋಡಿಕೊಂಡರಾಯಿತು. ಲೆನ್ಸಿನ ಬೂಷ್ಟು ಮಾತ್ರ ಬೇರೆ ವಿಷಯ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಅಂಥದ್ದನ್ನು ಮನೆಗೆ ತರಬೇಡಿ. ಒಳ್ಳೆಯದು ಸಿಕ್ಕ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೊಗಲಿನ ಚೀಲದಲ್ಲಿ ಬೇಡ.

ಹಕ್ಕಿ, ಕ್ರೀಡೆ, ಮದುವೆ ಇವುಗಳಿಗೆಂದು ಇದನ್ನು ಕೊಳ್ಳುವುದು ಸರಿಯಲ್ಲ. ಫ್ಲ್ಯಾಶ್ ಹೊಂದುವುದು 1/60 ಅಥವಾ ಅದಕ್ಕಿಂತ ನಿಧಾನದ ಶಟರ್ ವೇಗದಲ್ಲಿ ಮಾತ್ರ, ಕನ್ನಡಿಯ ಸದ್ದು ಜೋರು, ಫೋಕಸ್ ಕೈಯಲ್ಲೇ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲಂ ಕಾಲದಲ್ಲೇ ಕಾಡಿನ ಚಿತ್ರ ತೆಗೆದರು ನಿಜ. ಪ್ರಾಣಿಯ ನಡೆ ಬಲ್ಲವರಿಗೆ ಸಾಧ್ಯವಾದದ್ದು ಅದು, ಅದನ್ನು ಉಪಕರಣದ ಲೆಕ್ಕಕ್ಕೆ ಹಾಕಲಾಗದು. ಫಿಲಮಿನ ಖರ್ಚು ಭಾರವಾಗುವವರು ಕೈಲಿರುವ ಡಿಜಿಟಲ್ ಕ್ಯಾಮೆರಾವನ್ನೇ ಮ್ಯಾನುಯಲ್‌ಗೆ ಇಟ್ಟು, ಒಂದೇ ಲೆನ್ಸ್ ಹಾಕಿ, ಹಿಂದಿನ ಪರದೆಗೆ ರಟ್ಟು ಅಂಟಿಸಿ, ತಿಂಗಳಿಗೆ 36 ಚಿತ್ರ ತೆಗೆದು, ಒಂದು ವಾರ ಬಿಟ್ಟು ನೋಡಲಿ. ಮೇಲೆ ಹೇಳಿದ್ದರಲ್ಲಿ ಬಹುಪಾಲು ಅದರಲ್ಲೂ ಸಿಗುತ್ತದೆ.

ಕೊನೆಯದಾಗಿ ಬೆಲೆ. ಕೆ1000 ಎಂಬ ಹೆಸರಿಗೇ ಈಗ ಹೆಚ್ಚು ಕೇಳುತ್ತಾರೆ. ಇದರ ಅಣ್ಣನಾದ ಕೆಎಂ ಅಷ್ಟು ಪ್ರಸಿದ್ಧವಲ್ಲದ್ದರಿಂದ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಅದೇ ಮೌಂಟ್, ಅಂಥದೇ ಶಟರ್, ಜೊತೆಗೆ ಸೆಲ್ಫ್ ಟೈಮರ್, ಡೆಪ್ತ್ ನೋಡುವ ಲಿವರ್ ಎರಡೂ ಇವೆ. ಶಟರ್ ವೇಗವೂ ಫೈಂಡರಿನಲ್ಲೇ ಕಾಣಬೇಕೆಂದರೆ ಇದೇ ಸಾಲಿನ ಕೆಎಕ್ಸ್ ನೋಡಿ. ಎದುರಿಗೆ ಎರಡು ಮೂರು ಬಾಡಿ ಇಟ್ಟರೆ ಹೆಸರು ನೋಡಬೇಡಿ, 1/1000ರಲ್ಲಿ ಯಾವುದು ಪ್ರತಿ ಸಲವೂ ಪೂರ್ತಿ ತೆರೆಯುತ್ತದೋ ಅದಕ್ಕೆ ದುಡ್ಡು ಕೊಡಿ.